ಕೂಡಲೇ ಅತ್ತಿತು

12 ಮಾರ್ಚ್ 1984

ಬೆಳಿಗ್ಗೆ ಹನ್ನೊಂದು ಮನೆ. ಬಸುರಿಯರಿಗೆ ಕಬ್ಬಿಣದ ಮಾತ್ರೆ ಹಂಚಿದೆ. ನುಂಗುತ್ತಾರೋ, ಕೋಳಿಗೆ ಹಾಕುತ್ತಾರೋ, ದೇವರೇ ಬಲ್ಲ. ಮಧ್ಯಾಹ್ನ ಖುರ್ಷೀದ್ ಬೇಗಂ ಮೇಡಂ ಬಂದರು. ಇನ್‌ಸ್ಪೆಕ್ಷನ್. ನನ್ನಂಥ ಎಂಟು ಸಬ್‌ಸೆಂಟರ್ ನರ್ಸುಗಳ ಮೇಲೆ ಅವರೊಬ್ಬರು. ಚಾ ಕುಡಿದರು, ಹೆರಿಗೆ ರಿಜಿಸ್ಟರ್ ಬಿಚ್ಚಿದರು. ಒಂದು ಕಡೆ ಹೊಡೆದು ತಿದ್ದಿದ್ದು ಕಣ್ಣಿಗೆ ಬಿತ್ತು. ಬೀಳದೆ ಇರುತ್ತದೆಯೇ!

"ಏನ್ ಮಾನಮ್ಮಾ ಇದು? ಸರ್ಕಾರಿ ಕಿತಾಬ್ ಅದ, ಮಕ್ಕಳ ಪಾಟಿ ಅಲ್ಲ. ಇನ್ನೊಂದು ಕಾಟು ಕಂಡ್ರ ಮೆಮೊ ಕೊಡತೀನಿ ನೋಡು."

ಆಮೇಲೆ ಟಾರ್ಗೆಟ್ಟಿನ ಪುರಾಣ. ಮಕ್ಕಳಾಗದಂತೆ ಮಾಡುವ ಆಪರೇಷನ್ ಕೇಸು ಎಷ್ಟು? ಒಂಬತ್ತು. ಎಷ್ಟಾಗಬೇಕು? ಇಪ್ಪತ್ತು. ಉಳಿದ ಹನ್ನೊಂದನ್ನು ಎಲ್ಲಿಂದ ತರಲಿ, ಸಂತೆಯಿಂದಲೇ?

ಕಾಟು ಬೀಳಬಾರದು ಅಂತಲೇ ನಾನು ರಿಜಿಸ್ಟರನ್ನು ಮೊದಲೇ ತುಂಬಿಡುವುದು. ಹೆರಿಗೆಗೆ ಕಾಯುತ್ತ ಕೂತಾಗ ಕೈ ಸ್ವಚ್ಛ ಇರುತ್ತದೆ, ಅಕ್ಷರ ದುಂಡಗೆ ಬರುತ್ತದೆ. ಗಂಡೋ ಹೆಣ್ಣೋ, ತೂಕ, ವೇಳೆ — ಇಷ್ಟು ಖಾಲಿ ಬಿಟ್ಟರೆ ಸಾಕು. ಉಳಿದದ್ದು ಎಲ್ಲರದೂ ಒಂದೇ. ನಾವೆಲ್ಲ ಹಾಗೆಯೇ ಮಾಡುತ್ತೇವೆ. ಮೇಡಂಗೂ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾರೆ.

14 ಮಾರ್ಚ್, ಸಂಜೆ 6

ಗಂಡು. ಬಾಲಮ್ಮನದು. ಮೈಯೆಲ್ಲ ನೋವು, ಹೆತ್ತವಳು ನಾನೇ ಎಂಬ ಹಾಗೆ.

ಬಾಲಮ್ಮನಿಗೆ ಹತ್ತೊಂಬತ್ತು. ಚೊಚ್ಚಲು. ಗಂಡ ಕನಕರಾಯ ಅವಳ ಸ್ವಂತ ಸೋದರಮಾವ. ತಾಯಿ ಇಲ್ಲ. ಕನಕರಾಯನ ತಾಯಿ ಜಂಬಮ್ಮ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ತವರೂ ಅದೇ ಮನೆ, ಗಂಡನ ಮನೆಯೂ ಅದೇ ಮನೆ. ಕುರಿ ಸಾಕುವ ಮಂದಿ. ಮೊದಲ ವರ್ಷ ನನ್ನನ್ನು ಅಂಗಳದಲ್ಲೇ ಕೂರಿಸಿ ಮಾತಾಡಿಸುತ್ತಿದ್ದರು. ಈಗ ಒಳಗೆ ಕರೆಯುತ್ತಾರೆ. ಸೂಜಿ ಹಿಡಿದ ಕೈಗೆ ಜಾತಿ ಸ್ವಲ್ಪ ಕಡಿಮೆ ಅಂತ ಕಾಣುತ್ತದೆ.

ನಿನ್ನೆಯಿಂದ ನೋವು. ರಾಯಚೂರಿಗೆ ಒಯ್ಯಿರಿ ಅಂದೆ. ಜಂಬಮ್ಮ ಕೇಳಲಿಲ್ಲ. "ನಾ ಎಂಟು ಹಡದೀನಿ ಯವ್ವಾ, ಎರಡು ಕುರಿ ಹಟ್ಟ್ಯಾಗ. ಇದಕ್ಕ ರಾಯಚೂರು ಬೇಕೇನು?" ಕೂತೆ. ಕೂತು ರಿಜಿಸ್ಟರ್ ತುಂಬಿದೆ. ಹೆಸರು, ಗಂಡನ ಹೆಸರು, ಎಷ್ಟನೆಯದು. ಕೂಡಲೇ ಅತ್ತಿತೇ? — ಹೌದು.

ಮಧ್ಯಾಹ್ನ ನೀರು ಹಸಿರಾಗಿ ಬಂತು. ಕೂಸು ಒಳಗೇ ಕಷ್ಟದಲ್ಲಿದೆ ಅಂತ ಅರ್ಥ. ತಲೆ ಬಂದಾಗ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಬಿಡಿಸಿದೆ. ಕೂಸು ಬೂದಿ ಬಣ್ಣ. ಕೈಕಾಲು ಒದ್ದೆ ಅರಿವೆಯಂತೆ ಜೋತಾಡುತ್ತಿದ್ದವು. ಬಳ್ಳಿ ಕತ್ತರಿಸಿ ಬೆಳಕಿಗೆ ಒಯ್ಯಬೇಕು ಅಂತ ಬ್ಲೇಡು ಎತ್ತಿದರೆ ಜಂಬಮ್ಮ ಕೈ ಹಿಡಿದಳು. "ಮಾಸ ಬೀಳೋತನ ಕೊಯ್ಯಬ್ಯಾಡ. ಕೂಸಿನ ಜೀವ ಅದರಾಗ ಇರತದ." ಜಗಳಾಡುವ ಹೊತ್ತಲ್ಲ. ಅಲ್ಲೇ ಕತ್ತಲ ಮೂಲೆಯಲ್ಲಿ ಕೂಸಿನ ಗಂಟಲಿಗೆ ಇಳಿಸಿದ ನಳಿಗೆಗೆ ಬಾಯಿ ಹಚ್ಚಿ ಲೋಳೆ ಎಳೆದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಬಡಿದೆ. ಜಂಬಮ್ಮ ಕಂಚಿನ ಗಂಗಾಳ ತಂದು ಕೂಸಿನ ಕಿವಿಯ ಹತ್ತಿರ ಬಡಿಯತೊಡಗಿದಳು. ಬಾಲಮ್ಮನಿಗೆ ಎಚ್ಚರವಿಲ್ಲ. ಗಂಗಾಳದ ಸದ್ದು, ಸದ್ದು, ಸದ್ದು…

ಕೊನೆಗೆ ಅತ್ತಿತು. ಬೆಕ್ಕಿನ ಮರಿಯ ದನಿ. ಅತ್ತಿತಲ್ಲ, ಅಷ್ಟು ಸಾಕು.

ಸ್ವಲ್ಪ ತಡವಾಯಿತು. ಎರಡು ನಿಮಿಷ ಇರಬಹುದು. ರಿಜಿಸ್ಟರಿನಲ್ಲಿ 'ಹೌದು' ಅಂತ ಕೂತಿದೆ. ಕಾಟು ಹಾಕಬೇಕು… ಮೊನ್ನೆಯಷ್ಟೇ ಬೈಸಿಕೊಂಡಿದ್ದೇನೆ. ನಾಳೆ ನೋಡೋಣ.

16 ಮಾರ್ಚ್

ಕೂಸಿಗೆ ಝಟಕಾ. ಎಡಗೈ ಎಳೆಯಿತು, ತುಟಿ ಚಪ್ಪರಿಸಿತು, ಕಣ್ಣು ಒಂದೇ ಕಡೆ. ಜಂಬಮ್ಮ ದೃಷ್ಟಿ ಅಂದಳು. ನಾನು ರಾಯಚೂರು ಅಂದೆ. ಈ ಸಲ ಕೇಳಿದರು. ಕನಕರಾಯ ಚೀಟಿ ಬೇಕು ಅಂದ. ಹುಟ್ಟಿದ ವಿವರ ಬರೆದುಕೊಡಬೇಕಂತೆ. ಅವಸರದಲ್ಲಿ ರಿಜಿಸ್ಟರ್ ನೋಡಿ ಇದ್ದದ್ದು ಇದ್ದ ಹಾಗೆ ಇಳಿಸಿಕೊಟ್ಟೆ. ತೂಕ ಎರಡೂ ಮುಕ್ಕಾಲು ಕಿಲೊ. ಕೂಡಲೇ ಅತ್ತಿತು.

ಬಸ್ಸು ಹೋದ ಮೇಲೆ ಹೊಳೆಯಿತು, ಏನು ಬರೆದುಕೊಟ್ಟೆ ಅಂತ. ಓಡಿದರೆ ಬಸ್ಸು ಸಿಗುತ್ತದೆಯೇ?

29 ಮಾರ್ಚ್

ಕೂಸು ಮನೆಗೆ ಬಂದಿದೆ. ಝಟಕಾ ನಿಂತಿದೆ. ಮೊಲೆ ಚೀಪುತ್ತದೆ. ಹಾಗಿದ್ದರೆ ಎಲ್ಲ ಸರಿ ಇರಬೇಕು. ಸರಿ ಇದ್ದಮೇಲೆ ರಿಜಿಸ್ಟರ್ ಕೆಡಿಸುವುದು ಯಾಕೆ? ಮೇಡಂ ಬಂದು ಹೋದ ಸಲದಿಂದ ಈಚಿನ ಪುಟಗಳಿಗೆ ಸಹಿ ಹಾಕಿ ಹೋದರು. ಹೊಸ ಕಾಟಿಲ್ಲ. ಶಹಬ್ಬಾಸ್ ಅಂದರು.

3 ಸೆಪ್ಟೆಂಬರ್ 1984

ಐದೂವರೆ ತಿಂಗಳು. ಕತ್ತು ನಿಂತಿಲ್ಲ.

ಕೂಸಿಗೆ ತಾತನ ಹೆಸರಿಟ್ಟಿದ್ದಾರೆ, ಮುದುಕಪ್ಪ; ಎಲ್ಲರ ಬಾಯಲ್ಲಿ ಮುದುಕ. ತೊಡೆಯ ಮೇಲೆ ಹಾಕಿಕೊಂಡು ನೋಡಿದೆ. ಮುಷ್ಟಿ ಬಿಗಿ, ಹೆಬ್ಬೆರಳು ಒಳಗೆ. ಕಾಲು ಕತ್ತರಿಯಂತೆ ಒಂದರ ಮೇಲೊಂದು. ಟ್ರೇನಿಂಗಿನಲ್ಲಿ ಇದಕ್ಕೊಂದು ಪಾಠ ಇತ್ತು, ಆ ದಿನ ನಾನು ಮಾನ್ವಿಗೆ ಅಣ್ಣನ ಮದುವೆಗೆ ಹೋಗಿದ್ದೆ. ಆದರೆ ನಗುತ್ತಾನೆ! ನಾನು ನಾಲಿಗೆ ಹೊರಗೆ ಹಾಕಿದರೆ ತಾನೂ ಹಾಕಲು ಒದ್ದಾಡುತ್ತಾನೆ. ಬಾಲಮ್ಮ ಕೇಳಿದಳು, "ಅಕ್ಕಾ, ನನ ಮಗ ಶಾಣ್ಯಾ ಅದಾನಲ್ಲ? ಕತ್ತು ನಿಲ್ಲಾಕ ತಡ ಆತು ಅಷ್ಟ ಅಲ್ಲ?" ಹೌದು ಅಂದೆ. ಯಾವುದಕ್ಕೆ ಹೌದು ಅಂದೆನೋ ನನಗೇ ತಿಳಿಯಲಿಲ್ಲ.

19 ಫೆಬ್ರವರಿ 1985

ಕನಕರಾಯ ಅರ್ಧ ಕುರಿ ಮಾರಿದ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಂಟ್ರ್ಯಾಕ್ಟ್ ಕೆಲಸ ಹಿಡಿದಿದ್ದಾನೆ. ವಾರಕ್ಕೊಮ್ಮೆ ಬರುತ್ತಾನೆ, ಮೈಯೆಲ್ಲ ಬೂದಿ. ಮುದುಕ ಅವನ ಅಂಗಿ ಕಂಡರೆ ಕೇಕೆ ಹಾಕುತ್ತಾನೆ. ಕೂರಲು ಬರುವುದಿಲ್ಲ. ದಿಂಬು ಕೊಟ್ಟರೂ ವಾಲುತ್ತಾನೆ. ಹನ್ನೊಂದು ತಿಂಗಳಾಯಿತು. ಜಂಬಮ್ಮ ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಾಳೆ. ನನ್ನ ಮುಖ ಮಾತ್ರ ನೋಡುವುದಿಲ್ಲ. ಯಾಕೆ? ಗೊತ್ತಾಗಿದೆಯೇ ಅವಳಿಗೆ? ಅಲ್ಲೇ ಇದ್ದವಳು. ಗೊತ್ತಿದ್ದರೆ ಬೈಯುತ್ತಿದ್ದಳು. ಬೈಗುಳಕ್ಕೆ ಬರ ಇಲ್ಲದ ಬಾಯಿ ಅದು.

10 ನವೆಂಬರ್ 1985

ಹೈದರಾಬಾದಿನಲ್ಲಿ ತಲೆಯ ಒಳಗೆ ಫೋಟೋ ತೆಗೆಯುವ ಮಿಷನ್ ಬಂದಿದೆಯಂತೆ. ಸ್ಕ್ಯಾನ್. ಕನಕರಾಯನಿಗೆ ಶಕ್ತಿನಗರದ ಯಾರೋ ಎಂಜಿನಿಯರ್ ಹೇಳಿದ್ದು. ರಾಯಚೂರಿನ ಮಕ್ಕಳ ಡಾಕ್ಟರ್ ಗುರುನಾಥರಾವ್ ಬರೆದುಕೊಟ್ಟಿದ್ದಾರೆ. ನಿನ್ನೆ ಹೋಗಿ ಇವತ್ತು ಬಂದರು. ದೊಡ್ಡ ಕವರು, ಒಳಗೆ ಕರಿ ಫಿಲಂ. ಒಂದೇ ಹಾಳೆಯಲ್ಲಿ ಹನ್ನೆರಡು ತಲೆ. ಬಾಲಮ್ಮ ಬಿಸಿಲಿಗೆ ಹಿಡಿದು ಕೇಳಿದಳು, "ಅಕ್ಕಾ, ಇದರಾಗ ಅವನು ಯಾವುದು?" ಎಲ್ಲವೂ ಅವನೇ ಅಂದೆ. ಹೋಳು ಹೋಳಾಗಿ ತೆಗೆದದ್ದು. ಅವಳಿಗೆ ಅಳು ಬಂತು. ಬದನೆಕಾಯಿ ಹೆಚ್ಚಿದಂಗ ಹೆಚ್ಚ್ಯಾರೇನು ಅಂದಳು.

ರಿಪೋರ್ಟ್ ಇಂಗ್ಲಿಷ್. ಬಿಡಿಸಿಕೊಂಡು ಓದಿದೆ. ಅರ್ಧ ತಿಳಿಯಿತು. ಕೊನೆಯ ಸಾಲು ಪೂರ್ತಿ ತಿಳಿಯಿತು. ಹುಟ್ಟಿದಾಗಿನ ವಿವರದ ಜೊತೆ ಹೊಂದಿಸಿ ನೋಡಬೇಕು ಅಂತ ಇದೆ.

ಹುಟ್ಟಿದಾಗಿನ ವಿವರ! ಅಷ್ಟು ದೊಡ್ಡ ಮಿಷನ್ನು ಕೊನೆಗೆ ನನ್ನನ್ನೇ ಕೇಳುತ್ತಿದೆ.

13 ನವೆಂಬರ್

ರಾಯಚೂರು. ನೀನೂ ಬಾ ಅಕ್ಕ ಅಂದಳು, ಹೋದೆ. ದಾರಿಯಲ್ಲಿ ಕಲ್ಮಲ ದಾಟುವವರೆಗೂ ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಕಲ್ಮಲ ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿ ಕೂತೆ.

ಗುರುನಾಥರಾವ್ ಫಿಲಮ್ಮನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದರು. ಬೂದಿ ಬಣ್ಣ ಇರಬೇಕಾದಲ್ಲಿ ಕಪ್ಪು. ನಡುವಿನ ನೀರಿನ ಜಾಗ ಅಗಲ. ಎರಡೂ ಕಡೆ. ಮೆದುಳು ಸೊರಗಿದೆ ಅಂದರು. ಆಮೇಲೆ ಮುದುಕನ ಕಡೆ ನೋಡಿದರು. ಅವನು ಅವರ ಸ್ಟೆತಸ್ಕೋಪು ನೋಡಿ ಬಾಯಿ ಅಗಲಿಸಿ ನಗುತ್ತಿದ್ದ.

"ಫಿಲಂ ಇಷ್ಟು ಕೆಟ್ಟದ, ಹುಡುಗ ಹಿಂಗ ನಗತಾನ. ಫಿಲಂ ಎಲ್ಲಾ ಹೇಳಂಗಿಲ್ಲ ನೋಡ್ರಿ. ನಡಿಯೋದು ಕಷ್ಟ. ಬುದ್ಧಿ ಎಷ್ಟು ಅಂತ ಈಗs ಹೇಳಾಕ ಬರಂಗಿಲ್ಲ."

ಕನಕರಾಯ ಒಂದೇ ಕೇಳಿದ. ಯಾಕೆ ಆಯಿತು?

ಡಾಕ್ಟರ್ ಹಳೆ ಚೀಟಿ ತೆಗೆದರು. ನನ್ನ ದುಂಡಕ್ಷರ. ಓದಿದರು, ನನ್ನ ಕಡೆ ತಿರುಗಿದರು. "ಸಿಸ್ಟರ್, ಹೆರಿಗಿ ಮಾಡಿಸಿದವರು ನೀವs ಅಲ್ಲ? ಕೂಸು ಕೂಡಲೇ ಅತ್ತಿತೇನು?"

ಬಾಲಮ್ಮ, ಕನಕರಾಯ, ಮುದುಕ — ಮೂರೂ ಮಂದಿ ನನ್ನನ್ನೇ ನೋಡುತ್ತಿದ್ದರು.

"ರಿಜಿಸ್ಟರಿನ್ಯಾಗ ಹಂಗ ಅದರೀ" ಅಂದೆ.

ಸುಳ್ಳಲ್ಲ. ರಿಜಿಸ್ಟರಿನಲ್ಲಿ ಹಾಗೇ ಇದೆ. ಅದಕ್ಕೇ ನಾಚಿಕೆ.

ಹೆರಿಗೆ ಸರಿ ಇದ್ದಮೇಲೆ ಇದು ಒಳಗಿಂದಲೇ ಬಂದದ್ದು ಅಂದರು ಅವರು. ಸೋದರಮಾವನ ಸಂಬಂಧ, ರಕ್ತ ಒಂದೇ. ಮುಂದಿನದೂ ಹೀಗೇ ಆಗಬಹುದು, ನಾಲ್ಕರಲ್ಲಿ ಒಂದು. ಬಾಲಮ್ಮ ಬೆರಳು ಮಡಚಿ ನಾಲ್ಕು ಎಣಿಸುತ್ತಿದ್ದಳು. ತಿರುಗಿ ಬರುವ ಬಸ್ಸು. ನನ್ನ ಕಾಲಿಗೆ ಚಪ್ಪಲಿ ಕಚ್ಚಿತ್ತು, ಅದನ್ನೇ ನೋಡುತ್ತ ಕೂತೆ.

14 ನವೆಂಬರ್

ಒಂದು ಮಾತು ಸಮಾಧಾನಕ್ಕೆ ಬರೆದುಕೊಳ್ಳುತ್ತೇನೆ. ಡಾಕ್ಟರ್ ಹೇಳಿದ್ದೂ ನಿಜ ಇರಬಹುದು. ಒಳಗಿನ ಸಂಬಂಧದಲ್ಲಿ ಹೀಗೆ ಆಗುವುದುಂಟು. ಹಾಗಾದರೆ ನನ್ನ ಎರಡು ನಿಮಿಷಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಎರಡೇ ನಿಮಿಷವೇ?

20 ಜುಲೈ 1986

ಬಾಲಮ್ಮ ಬಸುರಿ. ಮೂರು ತಿಂಗಳು ತುಂಬುತ್ತ ಬಂದಿದೆ. ಇಷ್ಟು ದಿನ ನನ್ನಿಂದ ಮುಚ್ಚಿಟ್ಟಿದ್ದಳು.

ಕನಕರಾಯ ಶಕ್ತಿನಗರದಿಂದ ರಜೆ ಹಾಕಿ ಬಂದಿದ್ದ. ನೇರ ನನ್ನ ಹತ್ತಿರ. ಕೈಯಲ್ಲಿ ಗುರುನಾಥರಾವ್ ಚೀಟಿ. ಗರ್ಭ ಮುಂದುವರಿಸುವುದು ಬೇಡ ಅನ್ನಿಸುತ್ತದೆ, ಮನೆಯವರು ಒಪ್ಪಿದರೆ ಅದರ ಜೊತೆಗೇ ಆಪರೇಷನ್ನೂ ಆಗಬಹುದು, ಅಂತ. ಒಂದೇ ಮಗು ಇದ್ದವರಿಗೆ ಕ್ಯಾಂಪಿನಲ್ಲಿ ಮಾಡುವುದಿಲ್ಲ. ಡಾಕ್ಟರ ಚೀಟಿ ಇದ್ದರೆ ಮಾಡುತ್ತಾರೆ. ಆಗಸ್ಟ್ ಎಂಟಕ್ಕೆ ಮಾನ್ವಿಯಲ್ಲಿ ಕ್ಯಾಂಪು.

"ಹೆಸರು ಬರಕೋರಿ ಸಿಸ್ಟರ್. ಒಂದನ್ನ ಹೊತ್ತುಗೊಂಡು ತಿರಗತೀವಿ. ಇನ್ನೊಂದು ಹಂಗ ಆದ್ರ ಆಕಿ ಬದುಕಂಗಿಲ್ಲ, ನಾನೂ ಬದುಕಂಗಿಲ್ಲ."

ಕೆಟ್ಟ ಮನುಷ್ಯನಲ್ಲ. ಹೇಳುವಾಗ ಚೀಟಿಯನ್ನು ಸಣ್ಣಗೆ ಮಡಚುತ್ತಿದ್ದ. ಹೆಸರು ಬರೆದುಕೊಂಡೆ. ನನ್ನ ಟಾರ್ಗೆಟ್ಟಿಗೆ ಒಂದು ಕೇಸು. ಈ ವರ್ಷದ ಮೊದಲನೆಯದು!

ಥೂ.

21 ಜುಲೈ

ಬಾಲಮ್ಮ ಬಂದಳು. ಮುದುಕ ಸೊಂಟದ ಮೇಲೆ. ಎರಡು ವರ್ಷ ನಾಲ್ಕು ತಿಂಗಳು, ಇನ್ನೂ ಸೊಂಟದಿಂದ ಇಳಿದಿಲ್ಲ. 'ಅವ್ವ' ಅನ್ನುತ್ತಾನೆ, 'ಬಸ್ಸು' ಅನ್ನುತ್ತಾನೆ, 'ಸಿಸ್ಟರ್' ಅನ್ನಲು ಹೋಗಿ ಜೊಲ್ಲು ಸುರಿಸುತ್ತಾನೆ.

"ಅಕ್ಕಾ, ನನಗ ಈ ಕೂಸು ಬೇಕು. ನನ್ನ ರಕ್ತ ಕೆಟ್ಟದ ಅಂತಾರ. ನನ್ನ ರಕ್ತ ಕೆಟ್ಟಿದ್ರ ನಮ್ಮ ಮಾವಂದೂ ಕೆಟ್ಟದಲ್ಲ? ಅದು ಯಾರ ಬಾಯಾಗೂ ಬರಂಗಿಲ್ಲ. ನನಗ ಆಪರೇಷನ್ ಆತಂದ್ರ ನಾಳೆ ಹೊರಗಿಂದ ಇನ್ನೊಬ್ಬಾಕಿ ಬರತಾಳ. ಆಕಿ ಮಕ್ಕಳು ಓಡ್ಯಾಡತಾವ. ನಾನು, ಇವನು ಮೂಲ್ಯಾಗ. ನೀನs ಹೇಳು, ತೆಗಸಲೇನು?"

ಮಾತ್ರೆ ಕೊಟ್ಟೆ. ಕಬ್ಬಿಣದ್ದು. ತೆಗೆಸುವ ಬಸುರಿಗೆ ಕಬ್ಬಿಣದ ಮಾತ್ರೆ ಯಾಕೆ ಕೊಟ್ಟೆ? ತಲೆ ಕೆಟ್ಟಿದೆ ನನಗೆ.

22 ಜುಲೈ

ಎರಡು ವರ್ಷದ ಹಿಂದಿನ ಈ ಪುಸ್ತಕ ತೆಗೆದು ಓದಿದೆ. 'ಎರಡು ನಿಮಿಷ ಇರಬಹುದು.' ಇದನ್ನು ಓದುವವರು ಯಾರೂ ಇಲ್ಲ, ಇಲ್ಲಿ ಯಾಕೆ ಹಾಗೆ ಬರೆದೆ? ವಾಚು ನೋಡಿರಲಿಲ್ಲ. ಬಾಯಿಯಲ್ಲಿ ನಳಿಗೆ, ಕೈಯಲ್ಲಿ ಕೂಸು.

ಒಂದು ನೆನಪಾಗುತ್ತದೆ. ತಲೆ ಕಂಡಾಗ ಮಾನ್ವಿ ಬಸ್ಸು ಊರೊಳಗೆ ಬಂದ ಹಾರ್ನ್. ಗಂಗಾಳ ನಿಂತು, ಕೂಸಿನ ದನಿ ಬಂದು, ಅದರ ಹಿಂದೆಯೇ ಬಸ್ಸು ಹೊರಟ ಸದ್ದು. ಡ್ರೈವರ್ ಚಾ ಕುಡಿದು ಹೋಗುತ್ತಾನೆ. ಎಷ್ಟು ಹೊತ್ತು ನಿಲ್ಲುತ್ತದೆ ಆ ಬಸ್ಸು?

25 ಜುಲೈ

ಮೂರು ದಿನ ವಾಚು ಹಿಡಿದು ಬಾಗಿಲಲ್ಲಿ ಕೂತೆ. ಮೊದಲ ದಿನ ಹನ್ನೊಂದು ನಿಮಿಷ. ಎರಡನೆಯ ದಿನ ಎಂಟು. ಇವತ್ತು ಹದಿನಾಲ್ಕು, ಕಂಡಕ್ಟರ್ ಯಾರ ಜೊತೆಗೋ ಜಗಳ ಆಡಿದ. ಆ ದಿನ ಎಷ್ಟು ನಿಂತಿತ್ತು? ಆ ದಿನ ಡ್ರೈವರ್ ಚಾ ಕುಡಿದನೇ? ತಲೆ ಕಂಡ ಮೇಲೆ ಮೈ ಹೊರಬರಲು ಎಷ್ಟು ಹೊತ್ತಾಯಿತು, ಅದನ್ನು ಕಳೆಯಬೇಕಲ್ಲ. ಬಸ್ಸು ಅದೇ ಬಸ್ಸು ಹೌದೇ ಅಲ್ಲವೇ ಎಂಬುದೂ ಈಗ ಅನುಮಾನ.

ಎಂಟು ಅಂತ ಇಟ್ಟರೂ ಎರಡಲ್ಲ. ಐದು ಅಂತ ಇಟ್ಟರೂ ಎರಡಲ್ಲ.

27 ಜುಲೈ

ಹೇಳಿದರೆ:
ನೌಕರಿ ಹೋಗಬಹುದು. ಊರು ಬಿಡಬೇಕಾಗಬಹುದು. ಒಳಗೆ ಕರೆದವರು ಮತ್ತೆ ಅಂಗಳದಲ್ಲಿ ನಿಲ್ಲಿಸುತ್ತಾರೆ, ನಿಮ್ಮ ಮಂದಿ ಕೈ ಇಷ್ಟೇ ಅನ್ನುತ್ತಾರೆ. ಇದನ್ನು ನೆನೆದರೆ ನೌಕರಿಗಿಂತ ಹೆಚ್ಚು ಹೆದರಿಕೆ. ನಾನು ಹೇಳಿ, ಅವಳು ಬಸುರು ಉಳಿಸಿಕೊಂಡು, ಎರಡನೆಯದೂ ಹೀಗೇ ಆದರೆ? ಆಗ ಅದೂ ನನ್ನ ತಲೆಗೆ. ರಕ್ತದ ಮಾತು ಪೂರ್ತಿ ಸುಳ್ಳು ಅಂತ ಹೇಳಲು ನಾನು ಯಾರು?

ಹೇಳದಿದ್ದರೆ:
ಎಂಟನೇ ತಾರೀಖು. ಕ್ಯಾಂಪಿನ ಜೀಪು. ಅಷ್ಟೇ.

ಅನ್ನ ಸೇರುತ್ತಿಲ್ಲ. ಬೆಳಿಗ್ಗೆ ಯಾರದೋ ಕೂಸಿಗೆ ಡಿಪಿಟಿ ಸೂಜಿ ಕೊಡುವಾಗ ಅದು ಅತ್ತಿತು. ನನಗೆ ಕಣ್ಣೀರು. ತಾಯಿ ಗಾಬರಿ.

30 ಜುಲೈ

ಹೇಳಿದೆ.

ಮಧ್ಯಾಹ್ನ ಹೋದೆ. ಕನಕರಾಯ ಶಕ್ತಿನಗರಕ್ಕೆ ಹೋಗಿದ್ದ. ಜಂಬಮ್ಮ ಉಣ್ಣೆ ಹಿಂಜುತ್ತಿದ್ದಳು, ಬಾಲಮ್ಮ ಮುದುಕನಿಗೆ ಗಂಜಿ ತಿನ್ನಿಸುತ್ತಿದ್ದಳು. ನಿಂತೇ ಹೇಳಿದೆ. ಕೂತರೆ ಮಾತು ಬರುತ್ತಿರಲಿಲ್ಲ. ಹುಟ್ಟಿದಾಗ ಅಳಲಿಲ್ಲ. ಬಹಳ ಹೊತ್ತು ಉಸಿರಿರಲಿಲ್ಲ. ಉಸಿರಿಲ್ಲದೆ ಮೆದುಳು ಸೊರಗುತ್ತದೆ. ಕೂಸು ಹುಟ್ಟುವ ಮೊದಲೇ ನಾನು 'ಹೌದು' ಅಂತ ಬರೆದಿದ್ದೆ, ತಿದ್ದಲಿಲ್ಲ. ಡಾಕ್ಟರ್ ಕೇಳಿದಾಗಲೂ ತಿದ್ದಲಿಲ್ಲ.

ಚಮಚ ಅಲ್ಲೇ ನಿಂತಿತು. ಮುದುಕ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

ಬೈಗುಳಕ್ಕೆ ಕಾದೆ. ಜಂಬಮ್ಮನಿಂದ ಬಂದದ್ದು ಬೇರೆ.

"ನನಗ ಗೊತ್ತಿತ್ತು ಬೇ" ಅಂದಳು. "ಬಳ್ಳಿ ಕೊಯ್ಯಾಕ ಬಿಡಲಿಲ್ಲ ನಾನು. ನಿನ್ನ ಕೈ ಹಿಡದೆ. ಅದಕs ಹಿಂಗ ಆತು ಅಂತ ಎರಡು ವರ್ಷ ಒಳಗs ಬೇಯಾಕತ್ತೀನಿ. ಡಾಕ್ಟರ್ ರಕ್ತ ಅಂದ. ಸುಮ್ಮನಾದೆ. ರಕ್ತಕ್ಕ ಬೈದ್ರ ಯಾರಿಗೂ ಹತ್ತಂಗಿಲ್ಲಲ್ಲ… ನಾ ಬಾಯಿ ಬಿಟ್ಟಿದ್ರ ಇಕಿ ನನ ಕೈಯಾಗಿನ ಕೂಳು ಉಣತಿದ್ದಳೇನು?"

ಬಳ್ಳಿಗೂ ಅದಕ್ಕೂ ಅಷ್ಟು ಸಂಬಂಧವಿಲ್ಲ ಅಂದೆ. ಇದೆಯೋ ಇಲ್ಲವೋ ನನಗೂ ಸರಿಯಾಗಿ ಗೊತ್ತಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದೆವು, ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಎರಡು ವರ್ಷ ಬಾಯಿ ಹೊಲಿದುಕೊಂಡೆವು. ನಡುವೆ ಈ ಹುಡುಗಿ ತನ್ನ ರಕ್ತವನ್ನು ಶಪಿಸಿಕೊಂಡು ಕೂತಳು.

ಬಾಲಮ್ಮ ಅಳಲಿಲ್ಲ. ಮುದುಕನ ಬಾಯಿ ಒರೆಸಿದಳು. ನಿಧಾನ ಕೇಳಿದಳು.

"ಅಕ್ಕಾ, ಅವತ್ತ ಸುಳ್ಳ ಬರದಿ. ಡಾಕ್ಟರ್ ಮುಂದ ಸುಳ್ಳ ಹೇಳಿದಿ. ಇವತ್ತ ನನ್ನ ಮಾರಿ ನೋಡಿ ಮರುಗಿ ಇನ್ನೊಂದು ಸುಳ್ಳ ಹೇಳಾಕತ್ತಿಲ್ಲ ಅಂತ ನಾ ಹೆಂಗ ನಂಬಲಿ?"

ಹೊರಗೆ ಬಂದೆ. ಬಿಸಿಲಿಗೆ ಕಣ್ಣು ಕತ್ತಲೆ.

1 ಆಗಸ್ಟ್

ಕನಕರಾಯ ಬಂದ. ಜಂಬಮ್ಮನೂ ಅವನಿಗೆ ಎಲ್ಲ ಹೇಳಿದ್ದಾಳೆ. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ನಿಮ್ಮ ಬಾಯಿ ಮಾತು ಬ್ಯಾಡ. ಕಾಗದ ತೋರಸ್ರಿ" ಅಂದ. "ಕಾಗದ ನಂಬೇ ನಾವು ಇಲ್ಲಿತನ ಬಂದದ್ದು."

ಅವನ ಎದುರಿಗೇ ರಿಜಿಸ್ಟರ್ ತೆಗೆದೆ. 14 ಮಾರ್ಚ್ 1984. 'ಹೌದು' ಹೊಡೆದೆ. ಉದ್ದಕ್ಕೆ ಒಂದು ಗೆರೆ. ಮೇಲೆ 'ಇಲ್ಲ' ಬರೆದೆ. 'ಐದು ನಿಮಿಷಕ್ಕಿಂತ ಹೆಚ್ಚು, ಸರಿಯಾಗಿ ತಿಳಿಯದು.' ಇವತ್ತಿನ ತಾರೀಖು, ಸಹಿ. ಅಕ್ಷರ ಸೊಟ್ಟ ಬಂತು. ಕನಕರಾಯನಿಗೆ ಓದಲು ಬರುವುದಿಲ್ಲ. ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದ.

ಸಂಜೆ ರಿಜಿಸ್ಟರ್ ಹಿಡಿದುಕೊಂಡು ಖುರ್ಷೀದ್ ಮೇಡಂ ಮನೆಗೆ ಹೋದೆ, ದೇವದುರ್ಗಕ್ಕೆ. ಬಾಗಿಲಲ್ಲೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ.

"ಯಾ ಅಲ್ಲಾ" ಅಂದರು. "ಮೆಮೊ ಕೊಡಬೇಕಾಗತದ."

"ಕೊಡ್ರಿ."

"ಕೊಡತೀನಿ. ಅದು ನನ್ನ ಕೆಲಸ. ನನ್ನ ಮ್ಯಾಲಿನವರು ನನಗ ಕೊಡತಾರ, ಅದು ಅವರ ಕೆಲಸ. ಎಂಟು ಸೆಂಟರಿನ ಕಿತಾಬ್ ತೆಗದು ನೋಡಿದ್ರ ಎಲ್ಲಾ ಕೂಸು ಕೂಡಲೇ ಅತ್ತಾವ. ಒಂದೂ ತಡ ಇಲ್ಲ. ನಾ ಯಾವತ್ತಾರ ಕೇಳೀನೇನು? ಒಳಗ ಬಾ, ಚಾ ಕುಡದು ಹೋಗು."

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

4 ಆಗಸ್ಟ್

ರಾಯಚೂರು. ಬಾಲಮ್ಮ, ಕನಕರಾಯ, ಮುದುಕ, ನಾನು. ಈ ಸಲ ನೀನೂ ಬಾ ಅಂತ ಯಾರೂ ಕರೆಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತೆ.

ಗುರುನಾಥರಾವ್ ಕೇಳಿ ಸಿಟ್ಟಾದರು. ಆಗಬೇಕಾದ್ದೇ. "ಒಂದು ಅಕ್ಷರದ ಮ್ಯಾಲೆ ನಾ ಒಂದು ಗರ್ಭ ತೆಗಸಾಕ ಬರದಿದ್ದೆ ಸಿಸ್ಟರ್! ಗೊತ್ತದೇನು?" ಗೊತ್ತು ಅಂದೆ. ಮತ್ತೆ ಫಿಲಂ ಬೆಳಕಿಗೆ ಹಾಕಿದರು. ಬಹಳ ಹೊತ್ತು ನೋಡಿದರು. ಫಿಲಂ ಅದೇ, ಓದುವುದು ಬೇರೆ ಆಯಿತು ಅಂದರು. ಉಸಿರು ತಡವಾದ ಕೂಸಿನ ಮೆದುಳೂ ಹೀಗೇ ಕಾಣುತ್ತದಂತೆ. ಎರಡನೇ ದಿನದ ಝಟಕಾ ಕೂಡ ಅದಕ್ಕೇ ಹೊಂದುತ್ತದಂತೆ.

"ಹಂಗಾರ ಇದು ಚಲೋ ಆಗತದೇನ್ರಿ?" ಬಾಲಮ್ಮ ಹೊಟ್ಟೆ ಮುಟ್ಟಿಕೊಂಡು ಕೇಳಿದಳು.

"ಗ್ಯಾರಂಟಿ ಯಾರೂ ಕೊಡಂಗಿಲ್ಲವ್ವಾ. ಹೆದರಿಕಿ ಕಡಿಮಿ ಆತು ಅಷ್ಟ. ನನ್ನ ಚೀಟಿ ನಾ ವಾಪಸ್ ತಗೊಂತೀನಿ. ಹೆರಿಗಿ ಮಾತ್ರ ಇಲ್ಲೇ ಆಗಬೇಕು, ದವಾಖಾನ್ಯಾಗ."

ನಾಲ್ಕರಲ್ಲಿ ಒಂದು ಹೋಗಿ ಎಷ್ಟರಲ್ಲಿ ಒಂದಾಯಿತು, ಯಾರೂ ಹೇಳಲಿಲ್ಲ. ತಿರುಗಿ ಬರುವಾಗ ಬಾಲಮ್ಮ ನನಗೆ ಬೆನ್ನು ಮಾಡಿ ಕೂತಳು. ಮುದುಕನನ್ನು ಮಾತ್ರ ನನ್ನ ತೊಡೆಗೆ ಹಾಕಿದಳು, ಕೈ ನೋಯುತ್ತಿತ್ತೇನೋ.

8 ಆಗಸ್ಟ್

ಜೀಪು ಬಂತು, ಹತ್ತು ಗಂಟೆಗೆ. ಲಿಸ್ಟಿನಲ್ಲಿ ಐದು ಹೆಸರು, ಹತ್ತಿದವರು ನಾಲ್ಕು. ಡ್ರೈವರ್ ಹಾರ್ನ್ ಹಾಕಿದ. ಬಾಲಮ್ಮ ತನ್ನ ಬಾಗಿಲಲ್ಲಿ ನಿಂತಿದ್ದಳು, ಬರಲಿಲ್ಲ. ಮುದುಕ "ಬಸ್ಸು, ಬಸ್ಸು" ಅಂತ ಕಾಲು ಬಡಿದ. ಲಿಸ್ಟಿನಲ್ಲಿ ಅವಳ ಹೆಸರಿಗೂ ಕಾಟು ಹಾಕಿದೆ. ಕಾಟು ಹಾಕುವುದು ರೂಢಿಯಾಗುತ್ತಿದೆ ನನಗೆ.

2 ಅಕ್ಟೋಬರ್

ಮೆಮೊ ಬಂದಿದೆ. ಏಳು ದಿನದಲ್ಲಿ ಉತ್ತರ. ಅದರ ಹಿಂದೆಯೇ ವರ್ಗಾವಣೆ ಅನ್ನುತ್ತಿದ್ದಾರೆ. ಊರಲ್ಲಿ ಎರಡು ಹೆರಿಗೆಗೆ ನನ್ನನ್ನು ಕರೆಯಲಿಲ್ಲ. ಒಂದಕ್ಕೆ ಕರೆದರು. ಕೈ ಒರೆಸಿಕೊಂಡ ಮೇಲೆ ಬರೆದೆ. ರಿಜಿಸ್ಟರ್ ಪುಟದಲ್ಲಿ ಒಂದು ಹನಿ ರಕ್ತ ಬಿದ್ದಿತು, ಬೀಳಲಿ.

11 ಜನವರಿ 1987

ಬಾಲಮ್ಮ ಬಂದಳು. ತುಂಬು ಬಸುರಿ. ಅಂಗಳದಲ್ಲಿ ನಿಂತಳು, ನನ್ನ ಅಂಗಳದಲ್ಲಿ.

"ನಾಳೆ ರಾಯಚೂರಿಗೆ ಹೊಂಟೀವಿ. ಜಂಬಮ್ಮ ಆಯಿ ಮುದುಕನ್ನ ನೋಡಿಕೊಂತಾಳ. ನೀ ಬಾ."

ನನ್ನ ಮೇಲೆ ನಂಬಿಕೆ ಬಂತೇ ಅಂತ ಕೇಳಿಬಿಟ್ಟೆ. ಹುಚ್ಚಿ ನಾನು.

"ನಂಬಿಕಿ ಗಿಂಬಿಕಿ ಗೊತ್ತಿಲ್ಲ. ನಿನ್ನಷ್ಟು ಹೆದರಿದವರು ಇನ್ನೊಬ್ಬರು ನನಗ ಸಿಗಂಗಿಲ್ಲ. ಹೆದರಿದವರು ಕಣ್ಣ ಮುಚ್ಚಂಗಿಲ್ಲ. ಬಾ."

14 ಜನವರಿ, ರಾಯಚೂರು, ಬೆಳಿಗ್ಗೆ 10

ದವಾಖಾನೆ ವರಾಂಡ. ಇಲ್ಲಿ ನಾನು ನರ್ಸ್ ಅಲ್ಲ, ಪೇಶಂಟ್ ಕಡೆಯವಳು. ಒಳಗೆ ಬಿಡುವುದಿಲ್ಲ. ಕನಕರಾಯ ಗೋಡೆಗೆ ಹಣೆ ಹಚ್ಚಿ ನಿಂತಿದ್ದಾನೆ. ನೀರು ಹೋಯಿತಂತೆ. ಬಣ್ಣ ಕೇಳಿದೆ. ತಿಳಿ ಅಂದರು. ಎರಡು ಸಲ ಕೇಳಿದೆ, ಎರಡನೇ ಸಲ ಬೈದರು.

10-35

ವಾಚು ಮೊಣಕಾಲ ಮೇಲಿದೆ. ಒಳಗೆ ಎರಡು ಟೇಬಲ್. ಇನ್ನೊಂದರ ಮೇಲೆ ಬೇರೆ ಯಾರೋ, ಹೀರಾಬಿ ಅಂತ ಕೂಗಿದರು. ಇಬ್ಬರೂ ಒಟ್ಟಿಗೆ ಚೀರುತ್ತಿದ್ದಾರೆ. ಯಾವ ದನಿ ಬಾಲಮ್ಮನದು ಎಂಬುದೇ ತಿಳಿಯುತ್ತಿಲ್ಲ.

10-52

ಆಯಾ ಓಡಿ ಬಂದು ಅರಿವೆ ಒಯ್ದಳು. ಕೂಸು ಬಂತು ಅಂದಳು. ಯಾರದು ಅಂದರೆ ನಿಲ್ಲಲಿಲ್ಲ. ಅಳುವಿಗೆ ಕಿವಿ ಕೊಟ್ಟಿದ್ದೇನೆ.

10-53

ಇಲ್ಲ.

10-54

ಇಲ್ಲ. ಕನಕರಾಯ ನನ್ನನ್ನೇ ನೋಡುತ್ತಿದ್ದಾನೆ. ನಾನು ವಾಚು ನೋಡುತ್ತಿದ್ದೇನೆ.

ಅತ್ತಿತು! ಗಟ್ಟಿ ದನಿ. ಕನಕರಾಯ ನೆಲಕ್ಕೆ ಕುಸಿದು ಕೂತ. "ಬರಕೋರಿ ಸಿಸ್ಟರ್, ಬರಕೋರಿ, ಅತ್ತತು" ಅನ್ನುತ್ತಿದ್ದಾನೆ. ಏನು ಬರೆಯಲಿ? ಇದು ನಮ್ಮದೋ, ಹೀರಾಬಿಯದೋ? ಬಾಗಿಲು ತಳ್ಳಿ ಹೋಗುತ್ತೇನೆ, ಬೈದರೆ ಬೈಯಲಿ. ಮೊದಲು ನೋಡಿ ಬಂದು ಆಮೇಲೆ ಬರೆಯುತ್ತೇನೆ.